ಬೋರ್ಡಿನ ಬಲಮೂಲೆ

ಕೆಂಪು ಬಣ್ಣವೇ ಇರಬೇಕು... ಅಥವಾ ಹಳದಿಯೋ. ಚಿಕ್ಕಮ್ಮನ ಮೊಪೆಡ್ಡಿನ ಹಿಂದೆ, ಮಡ್‌ಗಾರ್ಡಿನ ಮೇಲೆ ಬರೆದಿದ್ದ ಆ ಸಾಲು ಕೆಂಪಗಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅದು ಕೆಂಪಾಗಿಯೇ ಹೋಗಿದೆ. ಅಮ್ಮನನ್ನು ಕೇಳಿದರೆ ಹಳದಿ ಅನ್ನುತ್ತಾಳೆ. ಸಾಲು ಕೂಡ ನಾನು ಹೇಳುವಂಥದ್ದಲ್ಲ, ಬೇರೆ ಏನೋ ಇತ್ತು ಅನ್ನುತ್ತಾಳೆ. ಬೇರೆ ಏನು ಎಂದರೆ ಅವಳಿಗೂ ಗೊತ್ತಿಲ್ಲ. ಇಂಥ ಅರೆಬರೆ ನೆನಪನ್ನು ಇಟ್ಟುಕೊಂಡು ಅದನ್ನು ಬರೆದ ಮನುಷ್ಯನನ್ನು ನಾಲ್ಕು ಜನರ ಮುಂದೆ ಎಳೆದು ನಿಲ್ಲಿಸುವುದು ನ್ಯಾಯವಲ್ಲ. ಗೊತ್ತು. ಅವನು ಚಿಕ್ಕಮ್ಮನನ್ನು ನಿಲ್ಲಿಸುವ ಮುಂಚೆ ನ್ಯಾಯದ ಯೋಚನೆ ಮಾಡಿರಲಿಲ್ಲ.

ಇದನ್ನೆಲ್ಲ ಕೆದಕಿದ್ದು ಎನಾಮಲ್ ಬಣ್ಣದ ವಾಸನೆ. ಚಿತ್ರದುರ್ಗದ ನನ್ನ ಮನೆಯ ಗೇಟಿಗೆ ಮೊನ್ನೆ ಬಣ್ಣ ಹೊಡೆಸುತ್ತಿದ್ದೆ. ಡಬ್ಬಿಗೆ ಟರ್ಪೆಂಟೈನ್ ಸುರಿದ ಕೂಡಲೇ ಮೂಗಿನೊಳಗೆ ಏನೋ ಚುಚ್ಚಿತು. ಬಣ್ಣದವನು ಬ್ರಷ್ಷು ಒರೆಸಿಕೊಳ್ಳುತ್ತ, "ಮೇಡಂ, ಯಜಮಾನ್ರ ಹೆಸರು ಹೇಳ್ರಿ, ಗೇಟಿನ ಮೇಲೆ ಬರೆದುಬಿಡ್ತೀನಿ" ಅಂದ. ಮನೆ ನನ್ನದು ಅಂದೆ. "ಅದು ಸರಿ ಮೇಡಂ. ಯಜಮಾನ್ರ ಹೆಸರು?" ಅಂದ. ಅವನ ಮುಖದಲ್ಲಿ ಕುಹಕವೇನೂ ಇರಲಿಲ್ಲ. ಆ ವಾಸನೆ, ಆ ಪ್ರಶ್ನೆ, ಎರಡೂ ಸೇರಿ ನನ್ನನ್ನು ಹಿರಿಯೂರಿನ ಶೆಡ್ಡೊಂದರ ಮುಂದೆ ಎತ್ತಿ ಒಗೆದವು.

ಶೆಡ್ಡು ಹೈವೇ ಪಕ್ಕದಲ್ಲಿತ್ತು. ಲಾರಿ ಗ್ಯಾರೇಜುಗಳ ಸಾಲು ಮುಗಿಯುವ ಕಡೆ, ನಮ್ಮ ಮನೆಗೆ ಎದುರಾಗಿ. ತೊಂಬತ್ತರ ದಶಕದ ನಡುವಿನ ಯಾವುದೋ ವರ್ಷ. ಶೆಡ್ಡಿನವನು ಲಾರಿಗಳ ಹಿಂದೆ ಮುಂದೆ ಬರೆಯುವವನು, ಅಂಗಡಿಗಳ ಬೋರ್ಡು ಬರೆಯುವವನು. ಬೀದಿಯವರೆಲ್ಲ ಪೇಂಟರಣ್ಣ ಅನ್ನುತ್ತಿದ್ದರು. ನಾನೂ ಅಣ್ಣ ಅಂದವಳೇ, ಬರ್ರಿ ಹೋಗ್ರಿ ಅಂದವಳೇ. ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ. ಹೆಸರನ್ನಂತೂ ಬರೆಯುವುದಿಲ್ಲ.

ಅವನು ಹೆಂಗಸರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವನ ಬಾಯಲ್ಲಿ ಹೆಂಗಸರೆಲ್ಲ ಗಾಡಿಗಳು, ಇಲ್ಲವೇ ಗಾಡಿಯ ಸಾಮಾನುಗಳು. ಹೆಂಡತಿ 'ಹ್ಯಾಂಡ್‌ಬ್ರೇಕ್'. "ನಮ್ ಹ್ಯಾಂಡ್‌ಬ್ರೇಕ್ ತವರಿಗೆ ಹೋಗೈತೆ. ಇವತ್ತು ಗಾಡಿ ಇಳಿಜಾರಿನಾಗೈತೆ, ಸರ್ಕಳ್ರಪ್ಪ" ಅಂದರೆ ಟೀ ಕುಡಿಯುತ್ತಿದ್ದ ಡ್ರೈವರುಗಳು ಗ್ಲಾಸು ತುಳುಕುವ ಹಾಗೆ ನಗುತ್ತಿದ್ದರು. ಗಂಡ ಸತ್ತವಳು ನಂಬರ್ ಪ್ಲೇಟು ಕಳಚಿದ ಗಾಡಿ. ಎದುರು ಮಾತಾಡುವವಳು ಬರೀ ಹಾರ್ನು. ಮೂವತ್ತು ದಾಟಿದರೂ ಮದುವೆಯಾಗದ ನಮ್ಮ ಚಿಕ್ಕಮ್ಮ ಎಫ್‌ಸಿ ಮುಗಿದ ಗಾಡಿ. ಎಫ್‌ಸಿ ಎಂದರೆ ಲಾರಿ ಇನ್ನೂ ರಸ್ತೆಗೆ ಇಳಿಯಲು ಯೋಗ್ಯ ಎಂದು ಆರ್‌ಟಿಓ ಆಫೀಸಿನಲ್ಲಿ ಕೊಡುವ ಕಾಗದ. ಈ ಮಾತುಗಳಿಗೆ ಅಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಾಳೆ. ಇವು ಬೈಗುಳ ಎಂದು ಯಾರಿಗೂ ಅನ್ನಿಸಲಿಲ್ಲ. "ಬಾಯಿ ಅಷ್ಟೇ ಕಣೆ ಹಂಗೆ, ಮನುಷ್ಯ ಒಳ್ಳೇನು" ಅನ್ನುತ್ತಿದ್ದರು.

ನನ್ನ ಕಷ್ಟವೆಂದರೆ ಅವನ ಅಕ್ಷರ ಚೆನ್ನಾಗಿತ್ತು. ಸುಣ್ಣದ ಪುಡಿ ಉಜ್ಜಿದ ದಾರವನ್ನು ಹಲಗೆಯ ಮೇಲೆ ಬಿಗಿಯಾಗಿ ಹಿಡಿದು ಮೀಟಿದರೆ ಕೂದಲೆಳೆಯಂಥ ಗೀಟು ಬೀಳುತ್ತಿತ್ತು. ಬಟ್ಟೆ ಸುತ್ತಿದ ಕೋಲಿನ ಮೇಲೆ ಮಣಿಕಟ್ಟು ಊರಿ 'ಶ್ರೀ' ಎಳೆಯುವಾಗ ಅವನ ಬಾಯಿ ಮುಚ್ಚಿರುತ್ತಿತ್ತು. ಆ ಹೊತ್ತಿನಲ್ಲಿ ಅವನನ್ನು ನೋಡುತ್ತ ನಿಲ್ಲುವುದು ನನಗೆ ಇಷ್ಟವಿತ್ತು. ಇದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಎಲ್ಲ ಮುಗಿದ ಮೇಲೆ ಬಲಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ, ತನ್ನ ಹೆಸರು ಹಾಕುತ್ತಿದ್ದ. ಸೈಕಲ್ಲಿನ ಚೈನ್‌ಕವರಿನ ಮೇಲೆ ಬರೆದರೂ ಮೂಲೆಯಲ್ಲಿ ಅವನ ಹೆಸರು. ಹೆಸರು ಹಾಕದೆ ಏನನ್ನೂ ಶೆಡ್ಡಿನಿಂದ ಆಚೆ ಬಿಡುತ್ತಿರಲಿಲ್ಲ.

ಒಮ್ಮೆ, ನಾನೂ ಬರೀತೀನಿ, ಬ್ರಷ್ಷು ಕೊಡ್ರಿ ಅಂದೆ. ಕೊಟ್ಟ. ತಗಡಿನ ಚೂರೊಂದರ ಮೇಲೆ 'ಕ' ಬರೆದೆ. ನೋಡಿದ.

"ಹೆಣ್ಮಕ್ಕಳ ಕೈ ರಂಗೋಲಿಗೆ ಸರಿ ಕಣಮ್ಮ. ಬೆಳಿಗ್ಗೆ ಹಾಕಿದ್ದು ಸಂಜೆಗೆ ಅಳಿಸೋಗ್ತೈತೆ, ತಪ್ಪಾದ್ರೂ ನಡೀತೈತೆ" ಅಂದು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ. 'ಕ' ಹೋಯಿತು. "ನೋಡ್ದಾ? ಒಣಗಾಕೆ ಮುಂಚೆ ಸೀಮೆಎಣ್ಣೆ ತಾಗಿದ್ರೆ ಎಂಥ ಅಕ್ಷರಾನೂ ಉಳಿಯಲ್ಲ."

ಅವನು ನನಗೆ ಕಲಿಸಿದ ವಿದ್ಯೆ ಇಷ್ಟೇ. ಸಾಕಾಯಿತು.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ನಮ್ಮ ಮನೆಯಲ್ಲೇ ಇದ್ದಳು. ಮಾರಿಕಣಿವೆ ಕಡೆಯ ಹಳ್ಳಿಗಳಿಗೆ ಸರ್ಕಾರಿ ನರ್ಸು. ಬಸ್ಸು ಇಳಿದು, ಹೊಲದ ಬದುಗಳ ಮೇಲೆ ನಡೆದು, ಬಾಣಂತಿಯರನ್ನು ನೋಡಬೇಕು, ಮಕ್ಕಳಿಗೆ ಸೂಜಿ ಹಾಕಬೇಕು. ಆ ವರ್ಷ ಹಳೆಯ ಮೊಪೆಡ್ಡೊಂದನ್ನು ಕೊಂಡಳು. ಅದಕ್ಕೆ ಮುಂಚೆ ನಮ್ಮ ಬೀದಿಯ ಹೆಂಗಸರು ಗಾಡಿಯ ಹಿಂದಿನ ಸೀಟಿನಲ್ಲಿ ಮಾತ್ರ ಕೂತವರು. ಚಿಕ್ಕಮ್ಮ ಲಸಿಕೆಯ ಡಬ್ಬಿಯನ್ನು ಹ್ಯಾಂಡಲಿಗೆ ನೇತುಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೈವೇ ದಾಟುವಾಗ ಎರಡೂ ಕಡೆ ನೋಡಿ ಒಂದು ಸಲ ನಮ್ಮ ಕಡೆಗೂ ತಿರುಗಿ ನೋಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗೀಲಿ, ನಿನಗೂ ಕಲಿಸ್ತೀನಿ ಎಂದು ನನಗೆ ಮಾತು ಕೊಟ್ಟಿದ್ದಳು.

ಆಯುಧಪೂಜೆ ಹತ್ತಿರ ಬಂತು. ಹಬ್ಬಕ್ಕೆ ಮುಂಚೆ ಗಾಡಿಗಳಿಗೆ ಹೊಸದಾಗಿ ಬರೆಸುವುದು ನಮ್ಮ ಕಡೆ ವಾಡಿಕೆ. ಚಿಕ್ಕಮ್ಮ ನಂಬರು ಬರೆಸಲು ಮೊಪೆಡ್ಡನ್ನು ಶೆಡ್ಡಿನಲ್ಲಿ ಬಿಟ್ಟಳು. ಬರೆದದ್ದು ಒಣಗಿದ ಮೇಲೆ, ಡ್ಯೂಟಿಗೆ ಹೊತ್ತಾಯಿತೆಂದು ಓಡಿಹೋಗಿ, ನಿಂತಲ್ಲಿಂದಲೇ ನಂಬರು ನೋಡಿ, ಹತ್ತಿ ಹೊರಟಳು. ನಂಬರಿನ ಕೆಳಗೆ, ಮಡ್‌ಗಾರ್ಡು ಚಕ್ರದ ಕಡೆಗೆ ಬಾಗುವ ಜಾಗದಲ್ಲಿ, ಅವನು ಇನ್ನೊಂದು ಸಾಲು ಬರೆದಿದ್ದ. ನನ್ನ ನೆನಪಿನ ಪ್ರಕಾರ ಅದು, 'ಓಡಿಸುವವಳು ಹೆಣ್ಣು, ಕಾಯುವವನು ದೇವರು.' ಬಲಮೂಲೆಯಲ್ಲಿ ಅವನ ಹೆಸರು.

ಓಡಿಸುವವರಿಗೆ ಗಾಡಿಯ ಹಿಂಭಾಗ ಕಾಣುವುದಿಲ್ಲ. ಕೆಲವು ದಿನ ಅವಳು ಅದನ್ನು ಹೊತ್ತುಕೊಂಡೇ ತಿರುಗಿದಳು. ಹಿಂದೆ ಬಂದ ಬಸ್ಸಿನವರು ಓದಿದರು. ಹೋಟೆಲಿನ ಮುಂದೆ ಬೀಡಿ ಸೇದುತ್ತ ಕೂತವರು ಓದಿದರು. ಹಳ್ಳಿಯ ಮಕ್ಕಳು ಜೋರಾಗಿ ಓದುತ್ತ ಹಿಂದೆ ಓಡಿದರು. "ಹೆಂಗ್ಸು ಗಾಡಿ ಓಡ್ಸೋದು ನೋಡಿ ನಗ್ತವೆ. ರೂಢಿ ಆದ್ಮೇಲೆ ಸುಮ್ನಾಗ್ತವೆ ಬಿಡಕ್ಕ" ಎಂದು ಅವಳು ಅಮ್ಮನಿಗೆ ಹೇಳಿದ್ದು ನನ್ನ ಕಿವಿಯಲ್ಲಿದೆ. ಕೊನೆಗೆ ಅಪ್ಪ ಒಂದು ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಬಗ್ಗಿದಾಗ ಓದಿದ. ಅವನು ಜೋರಾಗಿ ಓದಿದ್ದರಿಂದ ಚಿಕ್ಕಮ್ಮನಿಗೆ ತಿಳಿಯಿತು.

ಅವಳು ಗಾಡಿ ಹತ್ತಲಿಲ್ಲ. ತಳ್ಳಿಕೊಂಡೇ ಶೆಡ್ಡಿಗೆ ಹೋದಳು. ನಾನು ಹಿಂದೆ.

"ಅಣ್ಣಾ, ಇದನ್ನ ಅಳಿಸಿಕೊಡ್ರಿ."

"ಯಾಕಮ್ಮ, ಸುಳ್ಳು ಬರ್ದಿದೀನಾ? ದೇವ್ರು ಕಾಯ್ಲಿ ಅಂದೀನಿ. ಒಳ್ಳೇದಲ್ವಾ?"

ಬೆಂಚಿನ ಮೇಲಿದ್ದ ಡ್ರೈವರೊಬ್ಬ, "ನಮ್ ಲಾರಿ ಹಿಂದೇನೂ ದೇವ್ರು ಕಾಯ್ತಾನೆ ಅಂತ ಬರ್ದವ್ರೆ ಬಿಡಕ್ಕ" ಅಂದ.

"ಓಡ್ಸೋನು ಗಂಡು ಅಂತಾನೂ ಬರ್ದವ್ರಾ?" ಅಂದಳು ಚಿಕ್ಕಮ್ಮ.

ಅವನು ಬ್ರಷ್ಷನ್ನು ಅವಳ ಕಡೆಗೆ ತೋರಿಸಿ, "ನೋಡ್ರಪ್ಪ, ಎಫ್‌ಸಿ ಮುಗಿದ್ರೂ ಹಾರ್ನು ಮಾತ್ರ ಹೊಸದೈತೆ" ಅಂದ.

ಆಗ ಎದ್ದ ನಗು ನನಗೆ ಸ್ಪಷ್ಟವಾಗಿ ನೆನಪಿದೆ. ಅದಕ್ಕೆ ಮುಂಚಿನ ಉತ್ತರದ ಬಗ್ಗೆಯೇ ಅನುಮಾನ. ಚಿಕ್ಕಮ್ಮ ನಿಜವಾಗಿ ಹಾಗೆ ಕೇಳಿದಳೋ, ಅಥವಾ ಏನೂ ಅನ್ನದೆ ತಲೆ ತಗ್ಗಿಸಿ ನಿಂತವಳ ಬಾಯಿಗೆ ಈ ಮಾತನ್ನು ಆಮೇಲೆ ನಾನು ಇಟ್ಟೆನೋ... ಅಷ್ಟು ಚೊಕ್ಕವಾದ ಉತ್ತರ ಆ ಹೊತ್ತಿಗೆ ಯಾರಿಗೂ ಹೊಳೆಯುವುದಿಲ್ಲ. ಪಾತ್ರೆ ತಿಕ್ಕುವಾಗ ಹೊಳೆಯುತ್ತದೆ, ಬಸ್ಸಿನ ಕಿಟಕಿ ಪಕ್ಕ ಕೂತಾಗ ಹೊಳೆಯುತ್ತದೆ. ಖಾತ್ರಿಯಿಲ್ಲದ ಮಾತನ್ನು ಇಲ್ಲಿಂದ ತೆಗೆದುಹಾಕಬಹುದು. ತೆಗೆಯುವುದಿಲ್ಲ.

"ಒಣಗೈತಮ್ಮ, ಇನ್ನು ಹೋಗಲ್ಲ" ಅಂದು ಅವನು ತನ್ನ ಕೆಲಸಕ್ಕೆ ತಿರುಗಿದ. ಅಪ್ಪ ಅವನನ್ನು ಏನೂ ಕೇಳಲಿಲ್ಲ. ಆ ಸಂಜೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿದರು. ಮನೆಗೆ ಬಂದು ಅಪ್ಪ ಚಿಕ್ಕಮ್ಮನ ಮುಂದೆ ಕೈ ಚಾಚಿದ. "ಕೀ ಕೊಡು. ಊರೋರ ಬಾಯಿಗೆ ಬಿದ್ದಾಯ್ತು. ಬಸ್ಸೈತಲ್ಲ, ಅದ್ರಾಗೆ ಹೋಗು." ಬರೆದವನು ತಮಾಷೆಯ ಮನುಷ್ಯನಾಗಿಯೇ ಉಳಿದ. ಓಡಿಸಿದವಳು ಮನೆಯ ಮಾನ ಕಳೆದವಳಾದಳು. ಅವಳು ಕೀಯನ್ನು ಅಪ್ಪನ ಕೈಗೆ ಕೊಡದೆ ಗೂಡಿನಲ್ಲಿಟ್ಟು ಒಳಗೆ ಹೋದಳು.

ಹಬ್ಬಕ್ಕೆ ಇನ್ನೂ ಎರಡು ದಿನವಿತ್ತು. ಶೆಡ್ಡಿನ ಮುಂದೆ ಜಾಗವಿಲ್ಲದಷ್ಟು ಕೆಲಸ. ಬಟ್ಟೆ ಅಂಗಡಿಯ ಬೋರ್ಡು, ಟೈಲರನ ಬೋರ್ಡು, ಲಾರಿಗಳ ಹಿಂಬದಿಯ ಹಲಗೆಗಳು, ಎಲ್ಲವೂ ಹಸಿಯಾಗಿ ಬಿಸಿಲಿಗೆ ಒರಗಿ ನಿಂತಿದ್ದವು. ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಹೋದ. ನಾನು ಅಡಿಗೆಮನೆಯ ಸ್ಟೋವಿನ ಸೀಮೆಎಣ್ಣೆ ಬಾಟಲಿಯನ್ನೂ ಹಳೇ ಲಂಗದ ತುಂಡೊಂದನ್ನೂ ತೆಗೆದುಕೊಂಡು ರಸ್ತೆ ದಾಟಿದೆ. ಒಂದೊಂದೇ ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಲಮೂಲೆಯನ್ನು ಒರೆಸಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಅಂಗಡಿಯವರು ನನಗೇನೂ ಮಾಡಿರಲಿಲ್ಲ, ಅವನ 'ಶ್ರೀ' ಕೂಡ ಏನೂ ಮಾಡಿರಲಿಲ್ಲ. ನನಗೆ ಬೇಕಾಗಿದ್ದದ್ದು ಅವನ ಹೆಸರು. ಅಕ್ಕಿಕಾಳಿನಂಥ ಅಕ್ಷರಗಳು ಕರಗಿ ಬಟ್ಟೆಗೆ ಅಂಟುವಾಗ ಆದ ಸುಖ ಆಮೇಲೆ ನನಗೆ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ, ನೌಕರಿ ಸಿಕ್ಕಾಗಲೂ ಆಗಲಿಲ್ಲ.

ಸಂಜೆ ಅವನು ನಮ್ಮ ಬಾಗಿಲಿಗೇ ಬಂದ. "ಲೇ, ಶೆಡ್ ಕಡೆ ಯಾವನಾದ್ರೂ ಸುಳಿದಿದ್ನಾ, ನೋಡ್ದಾ?" ಅಂದ. ನಾನು ಇಲ್ಲ ಅಂದೆ. ಅಮ್ಮ ಹಿಂದಿನಿಂದ, "ಇವಳ ಕೈಯೇ ಸೀಮೆಎಣ್ಣೆ ನಾರ್ತೈತೆ" ಅಂದುಬಿಟ್ಟಳು. ಅವನು ನನ್ನ ಕೈ ನೋಡಿದ, ನಕ್ಕ.

"ಬಿಡಕ್ಕ, ಸ್ಟೋವ್‌ಗೆ ತುಂಬಿರ್ತಾಳೆ. ಇದು ಹೆಣ್ಮಕ್ಕಳ ಕೈಲಾಗೋ ಕೆಲಸಾನಾ? ಇದಕ್ಕೆ ಗುಂಡಿಗೆ ಬೇಕು."

ಗುಂಡಿಗೆಯಿರುವವನನ್ನು ಹುಡುಕಿಕೊಂಡು ಅವನು ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಬ್ಬ ಪೇಂಟರನ ಅಂಗಿ ಹಿಡಿದ. ರಸ್ತೆಯಲ್ಲೇ ಜಗಳವಾಯಿತು, ಮಾತು ನಿಂತುಹೋಯಿತು. ಆ ಪೇಂಟರು ಏನೂ ಮಾಡಿರಲಿಲ್ಲ. ಆದರೆ ಅವನೂ ಲಾರಿಗಳ ಹಿಂದೆ ಇಂಥದ್ದನ್ನೇ ಬರೆಯುತ್ತಿದ್ದವನು. ನನ್ನ ನಿದ್ದೆಯೇನೂ ಕೆಡಲಿಲ್ಲ.

ಹಬ್ಬದ ಹೊತ್ತಿಗೆ ಹೆಸರುಗಳು ಮತ್ತೆ ಮೂಲೆಗೆ ಬಂದು ಕೂತವು. ನಾನು ಮತ್ತೆ ಅಳಿಸಿದೆ. ಎಷ್ಟು ಸಲ, ಎಷ್ಟು ತಿಂಗಳು ಎಂಬ ನೆನಪಿಲ್ಲ. ಅವನು ಶೆಡ್ಡಿಗೆ ಮುಳ್ಳಿನ ಬೇಲಿ ಹಾಕಿದ, ಬುತ್ತಿ ತರಿಸಿಕೊಂಡು ಅಲ್ಲೇ ಉಂಡ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಎದುರು ಮನೆಯ ಹುಡುಗಿಯ ಮೇಲೆ ಮಾತ್ರ ಅನುಮಾನಪಡಲಿಲ್ಲ. ನನ್ನ ಬಗ್ಗೆ ಅವನಿಗಿದ್ದ ತಾತ್ಸಾರವೇ ನನ್ನನ್ನು ಬಚ್ಚಿಟ್ಟಿತು. ನನ್ನ ಸೇಡಿನಲ್ಲಿ ಅರ್ಧವನ್ನು ಕಿತ್ತುಕೊಂಡದ್ದೂ ಅದೇ. ಹೊಡೆದವರು ಯಾರೆಂದು ತಿಳಿಯದಿದ್ದರೆ ಹೊಡೆತ ಪೂರ್ತಿಯಾಗುವುದಿಲ್ಲ.

ಅಷ್ಟರಲ್ಲಿ ಮೊಪೆಡ್ಡು ಮಾರಿಹೋಗಿತ್ತು. ಚಿಕ್ಕಮ್ಮ ತಾನೇ ಕೇಳಿಕೊಂಡು ಹೊಸದುರ್ಗ ತಾಲೂಕಿಗೆ ವರ್ಗ ಮಾಡಿಸಿಕೊಂಡಳು, ಹಾಲುರಾಮೇಶ್ವರದ ಆಚೆ ಒಂದು ಹಳ್ಳಿಗೆ. ನನ್ನ ಎಸ್ಸೆಸ್ಸೆಲ್ಸಿ ಮುಗಿದಾಗ ಕಲಿಸುವವಳು ಮನೆಯಲ್ಲಿರಲಿಲ್ಲ. ಆಮೇಲೆ ಅವಳು ಎಂದೂ ಹ್ಯಾಂಡಲು ಹಿಡಿಯಲಿಲ್ಲ. ಎಲ್ಲಿಗಾದರೂ ಹೋಗಬೇಕಾದರೆ ಯಾರದೋ ಬೈಕಿನ ಹಿಂದೆ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂರುತ್ತಿದ್ದಳು. ಹಾಗೆಯೇ ಅವಳಿಗೆ ವಯಸ್ಸಾಯಿತು, ಹಾಗೆಯೇ ತೀರಿಕೊಂಡಳು.

ಅವಳು ತೀರಿಕೊಂಡ ವರ್ಷವೇ ಇರಬೇಕು, ನಾನು ನನ್ನ ಸಂಬಳದಲ್ಲಿ ಸ್ಕೂಟರು ಕೊಂಡೆ. ನಂಬರು ಬರೆಯುವವರು ಚಿತ್ರದುರ್ಗದಲ್ಲೂ ಇದ್ದರು. ನಾನು ಹಿರಿಯೂರಿಗೆ ಓಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಲ್ಲಿ ತಿರುವಿದೆ: ನಿನ್ನ ಹೆಸರು ಅಳಿಸಿದವಳು ನಾನು. ಏಕವಚನದಲ್ಲೇ ಹೇಳಬೇಕು ಎಂದುಕೊಂಡಿದ್ದೆ.

ಊರ ತುಂಬ ಫ್ಲೆಕ್ಸ್ ಬೋರ್ಡುಗಳು ಬಂದಿದ್ದವು. ಶೆಡ್ಡಿನ ಮುಂದೆ ಒಣಗಲು ಒಂದೂ ಹಲಗೆಯಿರಲಿಲ್ಲ. ಅವನು ಒಣಗಿಹೋಗಿದ್ದ, ದಪ್ಪ ಕನ್ನಡಕ ಹಾಕಿದ್ದ. ನನ್ನ ಗುರುತು ಹಿಡಿದ, ಅಮ್ಮನನ್ನು ವಿಚಾರಿಸಿದ. ನಾನು ಸ್ಕೂಟರಿನ ಹಿಂದೆಯೇ ನಿಂತೆ, ಒಂದು ಹೆಜ್ಜೆ ಅಲುಗಲಿಲ್ಲ. ಅವನು ಕೋಲಿನ ಮೇಲೆ ಮಣಿಕಟ್ಟು ಊರಿ ಬರೆಯತೊಡಗಿದ. ಅಂಕಿಗಳು ಮೊದಲಿನ ಹಾಗೆಯೇ ಬಂದವು. ಪಾಪ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಅವನು ಮೂಲೆಗೆ ಬರುವುದನ್ನು ಕಾಯುತ್ತಿದ್ದೆ. ಹೆಸರು ಬರೆದು ಮುಗಿಸಲಿ, ಅದು ಹಸಿಯಾಗಿರುವಾಗಲೇ ಹೇಳುತ್ತೇನೆ...

ಅವನು ಬ್ರಷ್ಷನ್ನು ಸೀಮೆಎಣ್ಣೆ ಡಬ್ಬಿಗೆ ಹಾಕಿದ.

"ಹೆಸರು ಹಾಕಲ್ವಾ?" ಅಂದೆ.

"ಯಾಕೆ ಬಿಡಮ್ಮ," ಅಂದ. "ಉಳಿಯಲ್ಲ."

ಹಾಗೆನ್ನುವಾಗ ಅವನು ನನ್ನ ಕೈಗಳನ್ನು ನೋಡಿದ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಇದೇ ನೆನಪು ಹಳದಿಯನ್ನು ಕೆಂಪು ಮಾಡಿರಬಹುದಾದದ್ದು. ನಾನು ತಂದ ಮಾತು ಬಾಯಲ್ಲೇ ಉಳಿಯಿತು. ಸ್ಕೂಟರು ಹತ್ತಿ ಬಂದುಬಿಟ್ಟೆ. ಕೆಲವು ವರ್ಷಗಳ ಮೇಲೆ ಅಮ್ಮ ಫೋನಿನಲ್ಲಿ ಬೇರೇನೋ ಹೇಳುತ್ತ ನಡುವೆ, "ಪೇಂಟರಣ್ಣ ಹೋದ್ನಂತೆ" ಅಂದಳು. ಯಾರಿಗೆ ಹೇಳಬೇಕಿತ್ತೋ ಅವನೂ ಇಲ್ಲ, ಯಾರ ಪರವಾಗಿ ಹೇಳಬೇಕಿತ್ತೋ ಅವಳೂ ಇಲ್ಲ.

ಗೇಟಿನ ಬಣ್ಣ ಒಣಗಿದೆ, ವಾಸನೆ ಹೋಗಿದೆ. ಅದರ ಮೇಲೆ ಯಾರ ಹೆಸರನ್ನೂ ಬರೆಸಿಲ್ಲ. ಅವನು ಉಳಿಯಲ್ಲ ಅಂದದ್ದು ಫ್ಲೆಕ್ಸ್ ಬಂದು ತನ್ನ ಕಸುಬು ಮುಗಿದುದಕ್ಕೋ, ಅಳಿಸಿದವಳು ನಾನೇ ಎಂದು ಅವನಿಗೆ ಗೊತ್ತಾಗಿದ್ದಕ್ಕೋ, ನನಗೆ ಗೊತ್ತಿಲ್ಲ.