ಸುಣ್ಣದ ಗೆರೆಯ ಅಡುಗೆಮನೆ

ನೋಟಿಸು ಬಂದರೆ ಅದೇ ದಿನ ಉತ್ತರ ಹೋಗಬೇಕೆಂಬುದು ನಮ್ಮ ಮನೆಯ ನಿಯಮವಾಗಿತ್ತು. ಬಿಣಗಾದಾಚೆಯ ನಮ್ಮ ಹಳೆಯ ಊರು ಯೋಜನೆಯೊಂದಕ್ಕೆ ಹೋದ ಕಾಲದಲ್ಲಿ, ಬಂದ ಕಾಗದವನ್ನು ಓದಲಾರದೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟವರು ಆಮೇಲೆ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದದ್ದನ್ನು ಅಪ್ಪ ಕಂಡಿದ್ದರು. ನಾನು ಅಕ್ಷರ ಕಲಿತ ಮೇಲೆ ಓದುವ ಕೆಲಸ ನನ್ನ ಪಾಲಿಗೆ ಬಂತು. "ಎಂತ ಬರ್ದಾರೆ ನೋಡು ಮಗಾ. ನಾಳೆಗೆ ಇಡೂದು ಬ್ಯಾಡ" ಎಂದು ಅವರು ಎದುರಿಗೆ ಕೂರುತ್ತಿದ್ದರು. ಮನೆಯಲ್ಲಿ ಮೊದಲು ಪದವಿ ಪಡೆದವಳು ನಾನು. ಪದವಿ ಬಂದರೂ ಆ ಭಯ ಹೋಗಲಿಲ್ಲ.

ಕಾರವಾರದಲ್ಲಿ ಮನೆಗಳ ನಕ್ಷೆ ಸಿದ್ಧಪಡಿಸುವ ಎಂಜಿನಿಯರೊಬ್ಬರ ಬಳಿ ನನಗೆ ಕೆಲಸ ದೊರೆಯಿತು. ಕಚೇರಿಯ ಕಿಟಕಿಯಿಂದ ಸಮುದ್ರದ ಒಂದು ತುಂಡು ಕಾಣುತ್ತಿತ್ತು. ಇಳಿಹೊತ್ತಿನಲ್ಲಿ ಅದರ ಹೊಳಪು ಕಂಪ್ಯೂಟರಿನ ಪರದೆಯ ಮೇಲೆ ಬಿದ್ದು, ನಾನು ಎಳೆದ ಗೋಡೆಗಳು ನೀರಿನೊಳಗೆ ನಿಂತಂತೆ ತೋರುತ್ತಿದ್ದವು. ನಕ್ಷೆಯ ತಂತ್ರಾಂಶವಿದ್ದದ್ದು ಅದೊಂದೇ ಕಂಪ್ಯೂಟರಿನಲ್ಲಿ. ಅದರ ಕಡತ ಬೇರೆ ಯಾವುದರಲ್ಲಿಯೂ ತೆರೆಯುತ್ತಿರಲಿಲ್ಲ. ಆದ್ದರಿಂದ ಸರ್ ಮೊದಲ ವಾರವೇ ಎಚ್ಚರಿಸಿದ್ದರು.

"ಹೊಸ ಅಕ್ಕಿ ಬಂದ ಕೂಡ್ಲೇ ಅನ್ನಕ್ಕೆ ಇಡ್ತಾರಾ? ಮುದ್ದೆ ಆಗ್ತದೆ. ಕಂಪ್ಯೂಟರಿಗೆ ಹೊಸ ವರ್ಷನ್ ಬಂದ್ರೂ ಹಂಗೇ. ನಮ್ಮ ಡ್ರಾಯಿಂಗ್ ಸಾಫ್ಟ್‌ವೇರಿನವ್ರು 'ಇದ್ರಲ್ಲಿ ನಡೀತದೆ' ಅಂತ ಹೇಳೂವರೆಗೆ ಮುಟ್ಟಬೇಡ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಅಂಕೋಲೆಯ ಅಕ್ಕೋರೊಬ್ಬರ ಮನೆಯ ನಕ್ಷೆ ನನ್ನ ಕೈಗೆ ಬಂತು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದ ಅವರು ಆಯುಷ್ಯವಿಡೀ ಬಾಡಿಗೆಯ ಅಡುಗೆಮನೆಗಳಲ್ಲಿ ಅಡುಗೆ ಮಾಡಿದವರು. ಈಗ ನಾಲ್ಕು ಗುಂಟೆ ಜಾಗವಿತ್ತು, ಅದರಲ್ಲೊಂದು ಇಶಾಡು ಮಾವಿನ ಮರವಿತ್ತು. ನಾನು ಮುದ್ರಿಸಿ ಕಳುಹಿಸಿದ ಮೊದಲ ನಕ್ಷೆಯನ್ನು ಕಂಡು ಅವರು ಮರುದಿನವೇ ಬಸ್ಸು ಹತ್ತಿ ಬಂದರು.

"ಮರ ಇದ್ದಲ್ಲೇ ನಿಂಗೆ ಹಾಲ್ ಬೇಕಾಯ್ತೇ ತಂಗಿ? ಅದನ್ನ ಬಿಟ್ಟು ಕಟ್ಟು. ಒಗ್ಗರಣೆ ಹಾಕೂವಾಗ ಕಿಟಕಿಯಿಂದ ನಾನು ಅದನ್ನ ನೋಡಬೇಕು."

ಹಾಗಾಗಿ ಮನೆಯನ್ನು ಸರಿಸಿದೆ, ಅಡುಗೆಮನೆಯನ್ನು ಹಿಂಬದಿಯಿಂದ ಮರದ ಮಗ್ಗುಲಿಗೆ ತಂದೆ. ಮೂರು ವಾರ ಹಿಡಿಯಿತು. ಪಾಯದ ಪೂಜೆಗೆ ಭಟ್ಟರು ಒಂದು ಗುರುವಾರದ ಬೆಳಿಗ್ಗೆ ಮುಹೂರ್ತ ಕೊಟ್ಟಿದ್ದರು. ಅದು ತಪ್ಪಿದರೆ ಮಳೆಗಾಲ ಕಳೆಯುವವರೆಗೆ ಕಾಯಬೇಕು.

ಬುಧವಾರ ಮಧ್ಯಾಹ್ನ ನಕ್ಷೆ ಮುಗಿಯಿತು. ಸಂಜೆ ಇನ್ನೊಮ್ಮೆ ಪರಿಶೀಲಿಸಿ ಮುದ್ರಿಸೋಣವೆಂದುಕೊಂಡೆ. ಪರದೆಯ ಮೂಲೆಯಲ್ಲಿ ಮೂರು ದಿನಗಳಿಂದ ಬರುತ್ತಿದ್ದ ಸೂಚನೆ ಮತ್ತೆ ಬಂತು: ಹೊಸ ಆವೃತ್ತಿ ಸಿದ್ಧವಿದೆ, ಈಗಲೇ ಅಳವಡಿಸಿಕೊಳ್ಳಿ. ಮೂರು ದಿನವೂ "ನಂತರ" ಎಂದು ಒತ್ತಿದ್ದೆ, ಮೂರು ದಿನವೂ ಏನೋ ಅಪರಾಧ ಮಾಡಿದಂತೆ ಅನಿಸಿತ್ತು. ಸರ್ ಹೇಳಿದ್ದು ಮರೆತಿರಲಿಲ್ಲ. ಆದರೆ ಸರ್ ಹುಬ್ಬಳ್ಳಿಗೆ ಹೋಗಿದ್ದರು, ನೋಟಿಸಿನಂಥ ಆ ಸೂಚನೆ ಮಾತ್ರ ಎದುರಿಗಿತ್ತು. ಒತ್ತಿದೆ.

ಪರದೆ ಕಪ್ಪಾಯಿತು. ಬೆಳ್ಳನೆಯ ಚಿಕ್ಕ ವೃತ್ತವೊಂದು ಸುತ್ತತೊಡಗಿತು. ಹೊರಗೆ ಸಮುದ್ರದ ತುಂಡು ಬೆಳ್ಳಿಯಿಂದ ತಾಮ್ರಕ್ಕೆ ತಿರುಗುತ್ತಿತ್ತು. ವೃತ್ತವನ್ನೇ ನೋಡುತ್ತ ಕುಳಿತವಳಿಗೆ ಕುರ್ಚಿಯೂ ಕಚೇರಿಯೂ ಮೆಲ್ಲನೆ ತೇಲಿದಂತೆ ಭಾಸವಾಯಿತು. ಕರ್ತವ್ಯ ಮುಗಿಸಿದವರಿಗೆ ಬರುವ ಸುಖವದು. ವೃತ್ತ ನಿಂತಾಗ ಹೊಸ ಬಣ್ಣಗಳ ಸುಂದರವಾದ ಪರದೆ ತೆರೆಯಿತು. ನಕ್ಷೆಯ ತಂತ್ರಾಂಶ ಮಾತ್ರ ತೆರೆಯಲಿಲ್ಲ. ಪರವಾನಗಿ ಗುರುತು ಸಿಗುತ್ತಿಲ್ಲವೆಂದು ಹೇಳಿ ತಾನಾಗಿ ಮುಚ್ಚಿಕೊಂಡಿತು. ಹತ್ತು ಸಲ ಪ್ರಯತ್ನಿಸಿದೆ, ಹತ್ತು ಸಲವೂ ಅದೇ ಮಾತು.

ಸರ್ ಅವರಿಗೆ ಫೋನು ಮಾಡಿದೆ.

"ಮುಟ್ಟಿದ್ಯಾ?"

"ಹೌದು ಸರ್."

"ಎಂತಕ್ಕೆ?"

"'ಈಗಲೇ' ಎಂದು ಬರೆದಿತ್ತು ಸರ್."

"ಅದು ತಹಶೀಲ್ದಾರರ ಕಾಗದ ಅಲ್ಲಾ ಮಾರಾಯ್ತಿ!" ಎಂದರು. ಆಮೇಲೆ ದನಿ ಇಳಿಸಿ, "ಹಳೇದಕ್ಕೆ ತಿರುಗಿಸೂಕೆ ಎರಡು ದಿವ್ಸ ಬೇಕು. ಮೊದಲಿನ ಪ್ರಿಂಟ್ ತಕ್ಕೊಂಡು ಬೆಳಿಗ್ಗೆ ಅಂಕೋಲೆಗೆ ಹೋಗು. ಅಕ್ಕೋರಿಗೆ ನೀನೇ ಹೇಳು" ಎಂದರು.

ಬೆಳಗಿನ ಬಸ್ಸಿನಲ್ಲಿ ಕಣ್ಣು ಮುಚ್ಚಿ ನಕ್ಷೆಯನ್ನು ನೆನಪಿನಿಂದ ಎಳೆಯತೊಡಗಿದೆ. ಗೋಡೆಗಳು ಮೂಡುತ್ತಿದ್ದವು, ಅಂಕಿಗಳ ಬಳಿಗೆ ಹೋದರೆ ಕರಗುತ್ತಿದ್ದವು. ಕಣ್ಣು ತೆರೆದರೆ ಅವರ್ಸಾದ ಗದ್ದೆಗಳ ಮೇಲೆ ಮಂಜು ಅಂಗೈ ಎತ್ತರಕ್ಕೆ ನಿಂತಿತ್ತು. ಸೆರಗು ಎತ್ತಿ ಹಿಡಿದು ನಡೆಯುತ್ತಿದ್ದ ಹೆಂಗಸೊಬ್ಬಳಿಗೆ ಪಾದಗಳೇ ಇರಲಿಲ್ಲ.

ಜಾಗದಲ್ಲಿ ಅಕ್ಕೋರು, ಮೇಸ್ತ್ರಿ, ಭಟ್ಟರು ಆಗಲೇ ಸೇರಿದ್ದರು. ಬರುವಾಗ ಜೋಡಿಸಿಕೊಂಡ ಶುದ್ಧ ವಾಕ್ಯಗಳನ್ನೆಲ್ಲ ಬಿಟ್ಟು, ನಡೆದದ್ದನ್ನು ತುಂಡುತುಂಡಾಗಿ ಹೇಳಿದೆ.

"ಕಂಪ್ಯೂಟರಿಗೆ ಜರ ಬಂತನೇ?" ಮೇಸ್ತ್ರಿ ನಕ್ಕರು. "ನಂಗೆ ಇಷ್ಟು ವರ್ಷದಲ್ಲಿ ಒಂದಿನನೂ ಹಗ್ಗ ಕೈ ಕೊಟ್ಟಿಲ್ಲ ನೋಡು."

ಅಕ್ಕೋರು ನಗಲಿಲ್ಲ. "ಹಾಂಗಾರೆ ಇವತ್ತು ಆಗೂದಿಲ್ವೇ?" ಎಂದು ಮರವನ್ನು ನೋಡಿದರು. ಭಟ್ಟರು ಗಡಿಯಾರ ನೋಡಿದರು. ಇನ್ನೂ ಒಂದು ತಾಸಿತ್ತು.

"ಕೋಣೆಗಳ ಅಳತೆ ಹಳೆಯ ಹಾಳೆಯಲ್ಲಿದೆ," ಎಂದೆ. "ಮರದಿಂದ ಗೋಡೆ ಎಷ್ಟು ದೂರವೆಂಬುದು ಮಾತ್ರ ನನಗೆ ನೆನಪಿಲ್ಲ."

"ಅದನ್ನ ಮರವೇ ಹೇಳ್ತದೆ," ಎಂದು ಮೇಸ್ತ್ರಿ ಕೊಂಬೆಯೊಂದರ ತುದಿಯಿಂದ ತೂಕದ ಗುಂಡನ್ನು ಇಳಿಬಿಟ್ಟರು. "ಮಳೆ ಹನಿ ಬೀಳೂ ಜಾಗದ ಒಳಗೆಲ್ಲಾ ಬೇರು. ಅದರ ಹೊರಗೆ ಪಾಯ ತೆಗಿಯೂದು."

ಗುಂಡು ಮುಟ್ಟಿದಲ್ಲೆಲ್ಲ ಗೂಟ ಹೊಡೆದು ಹಗ್ಗ ಕಟ್ಟಿದರು. ನಾನು ಟೇಪು ಹಿಡಿದು ಹಾಲನ್ನು ಹಳೆಯ ಹಾಳೆಯಂತೆಯೇ ಅಳೆದೆ. ಉಳಿದ ಜಾಗ ಅಡುಗೆಮನೆಗೆ: ಎಂಟು ಅಡಿ. ಸುಣ್ಣದ ಪುಡಿ ಮೇಸ್ತ್ರಿಯ ಬೆರಳುಗಳಿಂದ ಇಳಿಯುತ್ತ ಹೋದಂತೆ, ಬರಿಯ ನೆಲದ ಮೇಲೆ ಮನೆಯೊಂದು ಬೆಳ್ಳಗೆ ಮಲಗಿತು. ಅಕ್ಕೋರು ಗೆರೆ ದಾಟಿ ಒಳಗೆ ಬರಲಿಲ್ಲ. ಸುತ್ತು ಬಳಸಿ, ಬಾಗಿಲೆಂದು ಬಿಟ್ಟಿದ್ದ ಜಾಗದಿಂದ ಬಂದರು. ಅಡುಗೆಮನೆಯಲ್ಲಿ ನಿಂತು, ಇಲ್ಲದ ಕಿಟಕಿಗೆ ಮುಖ ಮಾಡಿ, ಇಲ್ಲದ ಒಲೆಯ ಮೇಲೆ ಕೈಯಾಡಿಸಿದರು. ಎಲೆಗಳ ನೆರಳು ಅವರ ಭುಜದ ಮೇಲೆ ಅಲುಗಿತು. ಆ ಗೋಡೆಗಳಿಲ್ಲದ ಮನೆಯಲ್ಲಿ ನಾವೆಲ್ಲ ಪಿಸುದನಿಯಲ್ಲಿ ಮಾತಾಡಿದೆವು. ಮುಹೂರ್ತಕ್ಕೆ ಸರಿಯಾಗಿ ಮೊದಲ ಚಿರೆಕಲ್ಲು ಇಳಿಯಿತು.

ಶನಿವಾರ ಹಳೆಯ ಆವೃತ್ತಿ ಮರಳಿ ಬಂತು, ಕಡತ ತೆರೆಯಿತು. ಅದರಲ್ಲಿ ಅಡುಗೆಮನೆ ಒಂಬತ್ತು ಅಡಿ ಮೂರು ಇಂಚು ಇತ್ತು. ಹಾಲಿನಿಂದ ಹದಿನೈದು ಇಂಚು ತೆಗೆದು ಅದಕ್ಕೆ ಕೊಟ್ಟಿದ್ದವಳು ನಾನೇ. ಗುರುವಾರ ಅದು ನೆನಪಾಗಲಿಲ್ಲ. ಅಷ್ಟರಲ್ಲಿ ಅಡುಗೆಮನೆಯ ಪಾಯ ಮುಗಿದಿತ್ತು.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗೋಡೆಗಳು ಕಿಟಕಿಯ ಮಟ್ಟಕ್ಕೆ ಎದ್ದಾಗ ಹೋಗಿ ಹೇಳಿದೆ. ಅಕ್ಕೋರು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿದರು, ಮತ್ತೊಮ್ಮೆ ಹಾಕಿದರು.

"ಅಷ್ಟು ಜಾಗದಲ್ಲಿ ಒಂದು ಕಪಾಟು ನಿಲ್ತಿತ್ತು," ಎಂದರು. ನನ್ನ ತಲೆ ತಗ್ಗಿತು. ಅವರು ಕಿಟಕಿಯ ಕಲ್ಲಿನ ಮೇಲೆ ಮೊಣಕೈಯೂರಿ ಮರದತ್ತ ನೋಡುತ್ತ ನಿಂತರು.

"ಇರಲಿ. ನೀ ಊಟಕ್ಕೆ ಬಂದಾಗ ಅಡುಗೆಮನೆ ಒಳಗೆ ನುಗ್ಗಬೇಡ, ಇಬ್ರಿಗೆ ಜಾಗ ಸಾಲೂದಿಲ್ಲ; ಹೊರಗೆ ಹಾಲ್‌ನಲ್ಲಿ ಕೂತ್ಕೋ. ನಾನೇ ಬಡಿಸ್ತೆ."