ಭಾನುವಾರ ಎಂದಿರುವಲ್ಲಿ ಶುಕ್ರವಾರ

ಅರಬ್ ನಾಡಿನ ಸಲಾಲಾದ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಹನ್ನೊಂದು ವರ್ಷ ನಾನು ಕರ್ತನ ಭೋಜನದ ದ್ರಾಕ್ಷಾರಸದ ಪಾತ್ರೆಯನ್ನು ತೊಳೆದು ಒರೆಸಿ ಮೇಜಿನ ಮೇಲಿಟ್ಟಿದ್ದೇನೆ. ಅದನ್ನೆತ್ತಿ ಸಾಲಿನಲ್ಲಿ ನಿಂತವರಿಗೆ ಕೊಡುವುದು ಮಾತ್ರ ಸಭೆಯ ಹಿರಿಯರ ಕೆಲಸ, ಹಿರಿಯರೆಂದರೆ ಗಂಡಸರು. ನಾನೂ ಅದನ್ನೆತ್ತಿ ಕೊಡಬೇಕೆಂಬ ಆಸೆ ನನಗಿತ್ತು.

ಹಾಗಾಗಿ ಊರಿನಲ್ಲಿರುವ ನಮ್ಮ ಮಾತೃಸಭೆಯು ಹೆಂಗಸರೂ ಹಿರಿಯರಾಗಬಹುದೆಂದು ಕಾನೂನು ಮಾಡಿದ ಸುದ್ದಿ ಬಂದಾಗ ನಾನು ಶಾಲೆಯ ಸ್ಟಾಫ್ ರೂಮಿನಲ್ಲೇ ಒಂದು ಸುತ್ತು ಕುಣಿದುಬಿಟ್ಟೆ. ಮನೆಗೆ ಬಂದು ಹೇಳಿದರೆ ನಮ್ಮವರು, "ಅದು ಅಲ್ಲಿಯವರಿಗೆ ಮಾರಾಯ್ತಿ. ನಾವು ದ್ವೀಪದವರಲ್ವಾ?" ಎಂದರು.

ಅವರು ತಮಾಷೆ ಮಾಡಿದ್ದಲ್ಲ. ಹಿಂದೆಂದೋ ಒಂದು ದ್ವೀಪದಲ್ಲಿದ್ದ ಪುಟ್ಟ ಸಭೆಗಾಗಿ ಬರೆದ ಕಲಮು ನಮ್ಮ ನಿಯಮಾವಳಿಯಲ್ಲಿದೆ. ದ್ವೀಪಸಭೆ ತನ್ನ ಆಡಳಿತವನ್ನು ತಾನೇ ನಡೆಸುತ್ತದೆ. ಮಾತೃಸಭೆಯ ಕಾನೂನು ಅದಕ್ಕೆ ಅನ್ವಯಿಸಬೇಕಾದರೆ ಅಲ್ಲಿಯವರು ಕೂಡಿ ಒಪ್ಪಬೇಕು, ಬೇಕಿದ್ದರೆ ಮಾತೃಸಭೆಯ ಒಪ್ಪಿಗೆ ಪಡೆದು ತಿದ್ದಿಕೊಳ್ಳಬಹುದು. ಸಲಾಲಾದ ಇಪ್ಪತ್ತಾರು ಮನೆಗಳನ್ನೂ ಅದೇ ಕಲಮಿಗೆ ಸೇರಿಸಿಬಿಟ್ಟಿದ್ದರು. ಬೆಟ್ಟ ದಾಟಿದರೆ ಮುಗಿಯದ ಮರಳುಗಾಡು, ಕಾಗದದಲ್ಲಿ ಮಾತ್ರ ದ್ವೀಪ!

ಇಲ್ಲಿ ಖರೀಫ್ ಎನ್ನುವ ಮಳೆಗಾಲದ ತುಂತುರಿನಲ್ಲಿ ಒಂದು ಶುಕ್ರವಾರ, ಆರಾಧನೆ ಮುಗಿದ ಮೇಲೆ ಸಭೆ ಕೂಡಿತು. ಮಸ್ಕತ್ತಿನಿಂದ ಆಗಾಗ ಬರುವ ಸಭಾಪಾಲಕ ಅಯ್ಯನವರು ಅಧ್ಯಕ್ಷರು. ಹೊಸ ಕಾನೂನನ್ನು ಗಟ್ಟಿಯಾಗಿ ಓದಿ ಹೇಳಿದವರು ಉಡುಪಿ ಕಡೆಯ ಹಿರಿಯರೊಬ್ಬರು, ಬಂದರಿನಲ್ಲಿ ಕ್ರೇನ್ ಸೂಪರ್‌ವೈಸರ್. ನಿಯಮವೆಂದರೆ ಅವರಿಗೆ ಪ್ರಾಣ. ಓದುತ್ತಾ ಓದುತ್ತಾ ಒಂದು ಕಡೆ ನಿಂತು, ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ನೋಡಿದರು.

"ಹಿರಿಯರಾಗುವವರು ಹಿಂದಿನ ವರ್ಷವಿಡೀ ಭಾನುವಾರದ ಆರಾಧನೆಗೆ ಬಂದಿರಬೇಕು ಅಂತ ಉಂಟು. ಟೀಚರು ಭಾನುವಾರ ಶಾಲೆಯಲ್ಲಿ ಇರ್ತಾರೆ. ಆಗ್ಲಿಕ್ಕಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಇಲ್ಲಿ ಭಾನುವಾರ ಎಲ್ಲರಿಗೂ ಕೆಲಸದ ದಿನ, ನಮ್ಮ ಆರಾಧನೆ ಶುಕ್ರವಾರ. ಅದು ಅವರಿಗೆ ಗೊತ್ತಿಲ್ಲವೇ?

"ಅಂಕಲ್, ನೀವು ಭಾನುವಾರ ಎಲ್ಲಿರ್ತೀರಿ?" ಎಂದು ಎದ್ದು ನಿಂತು ಕೇಳಿದೆ.

"ನಾನಾ? ಬಂದರಿನಲ್ಲಿ."

"ಹಾಗಾದ್ರೆ ನೀವೂ ಹಿರಿಯರಲ್ಲ. ಇಲ್ಲಿ ಯಾರೂ ಅಲ್ಲ. ಖಲಾಸ್!"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು ನೋಡಿ, ಅಯ್ಯನವರೂ ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ, ಅಂಕಲ್ ಒಬ್ಬರು ನಗಲಿಲ್ಲ. ಕಲಮನ್ನು ಮತ್ತೊಮ್ಮೆ ಓದಿ, ಜೇಬಿನಿಂದ ಪೆನ್ನು ತೆಗೆದು, ಅವರೇ ತಿದ್ದುಪಡಿ ಬರೆದರು: "ಭಾನುವಾರ ಎಂದಿರುವಲ್ಲೆಲ್ಲ ಶುಕ್ರವಾರ ಎಂದು ಓದತಕ್ಕದ್ದು."

"ಈಗ ಟೀಚರದ್ದು ಅಡ್ಡಿ ಇಲ್ಲ," ಎಂದು ಮೊದಲ ಕೈಯನ್ನೂ ಅವರೇ ಎತ್ತಿದರು. ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತವಳು ಅವರ ಹಿಂದೆಯೇ ಕೈ ಎತ್ತಿ ಕುಳಿತೆ. ಆ ತಿದ್ದುಪಡಿಯ ಅವಸರದಲ್ಲಿ ಅದೇ ಕಾನೂನಿನಲ್ಲಿದ್ದ, ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರವೂ ಕಾನೂನುಬದ್ಧವಾಗಿ ಗರಿಗಳ ಶುಕ್ರವಾರವಾಗಿ ಹೋದದ್ದು ನಮಗೆ ಗೊತ್ತಾದದ್ದು, ಊರಿನಿಂದ ಒಪ್ಪಿಗೆ ಪತ್ರ ಬಂದ ಮೇಲೆ. ಅಲ್ಲಿಯವರೂ ನೋಡಿರಲಿಲ್ಲ.

ಆಮೇಲೆ ನಡೆದ ಹಿರಿಯರ ಚುನಾವಣೆಯಲ್ಲಿ ಗೆದ್ದೆ. ಮುಂದಿನ ಭೋಜನದ ದಿನ ಕಾಂಚೀಪುರಂ ಸೀರೆ ಉಟ್ಟು ಪಾತ್ರೆ ಎತ್ತಿಕೊಂಡೆ. ನನ್ನ ಗಂಡನಿಗೆ, ಹೈಸ್ಕೂಲಿನ ಮಗಳಿಗೆ, ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಕೊಟ್ಟೆ. ದೇವರಾಣೆ, ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಮುಗಿಸಿ ಪಾತ್ರೆಯನ್ನು ಮೇಜಿನ ಮೇಲಿಟ್ಟೆ. ಅಯ್ಯನವರು ಬಿಳಿ ಬಟ್ಟೆ ಮುಚ್ಚಲು ಕೈಚಾಚಿದಾಗ ಅಂಕಲ್ ತಮ್ಮ ಜಾಗದಿಂದ ಎದ್ದು ಬಂದರು.

"ಒಂದು ನಿಮಿಷ ಅಯ್ಯನವರೇ," ಎಂದು ನನ್ನ ಕಡೆ ತಿರುಗಿ ಮೆಲ್ಲಗೆ, "ಟೀಚರೇ, ನೀವು ತಗೊಳ್ಳಲೇ ಇಲ್ಲ ಮಾರಾಯ್ರೆ!" ಎಂದರು.

ಹೌದಲ್ಲ! ಕೊಡುವ ಸಂಭ್ರಮದಲ್ಲಿ ನನ್ನ ಬಾಯಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ಅವರು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಷ್ಟೋ ವರ್ಷಗಳಿಂದ ಪಾತ್ರೆ ಕೊಡುವಾಗ ಎಲ್ಲರಿಗೂ ಹೇಳುತ್ತಾ ಬಂದ ಮಾತನ್ನು ನನಗೂ ಹೇಳಿ, ಮುಂದೆ ಚಾಚಿದರು. ನಾನೂ ಕೈ ಹಚ್ಚಿ ಪಾತ್ರೆಯನ್ನು ತುಟಿಗೆ ತಂದೆ. ನಾನು ಕುಡಿದು ಮುಗಿಸುವವರೆಗೂ ಅವರು ಪಾತ್ರೆಯ ಬುಡವನ್ನು ಬಿಡದೆ ಹಿಡಿದುಕೊಂಡೇ ನಿಂತಿದ್ದರು.