ಹಳೇ ಕಲ್ಲುಗಳ ಕನ್ನಡ

ನಜರ್‌ಬಾದಿನಲ್ಲಿ ನಮ್ಮ ಪಕ್ಕದ ಮನೆಯ ಟೀಚರ್, ನವೆಂಬರ್‌ನಲ್ಲಿ ಮೃತರನ್ನು ನೆನೆಯುವ ದಿನ, ನನ್ನನ್ನೂ ಚರ್ಚಿನ ಸಮಾಧಿಗಳ ಹತ್ತಿರ ಕರೆದೊಯ್ಯುತ್ತಿದ್ದರು. ಮೇಣದಬತ್ತಿ ಹಚ್ಚಿ, ಕಲ್ಲುಗಳ ಮೇಲಿನ ಬರಹವನ್ನು ಗಟ್ಟಿಯಾಗಿ ಓದುತ್ತಿದ್ದರು. ನೂರು ವರ್ಷದ ಕಲ್ಲಿನಲ್ಲಿ ‘ಇಹಲೋಕಯಾತ್ರೆಯಂ ಮುಗಿಸಿ ಪರಲೋಕವನ್ನೈದಿದನು’ ಎಂದಿದ್ದರೆ ಅವರ ದನಿಯೂ ಹಳತಾಗಿ ರಾಗವೆಳೆಯುತ್ತಿತ್ತು. ಹೊಸ ಕಲ್ಲಿನ ‘ನಮ್ಮ ಅಮ್ಮ’ ಬಂದಾಗ ಮಾಮೂಲಿ ಮಾತು.

“ಅವರವರ ಕಾಲದ ಕನ್ನಡದಲ್ಲೇ ಕರೀಬೇಕು. ಇಲ್ದಿದ್ರೆ ಇನ್ಯಾರನ್ನೋ ಕರೀತಿದ್ದಾರೆ ಅಂತ ಸುಮ್ನೆ ಮಲಗಿಬುಡ್ತಾರೆ.”

ಓದಿ ಮುಗಿಸಿ, ಕತ್ತು ವಾಲಿಸಿ, ಪ್ರತಿ ಸಲವೂ ಹೇಳುತ್ತಿದ್ದರು: “ಕೇಳಿಸ್ತಂತೆ ಕಣಮ್ಮ.”

ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವಳು ನಾನು. ಕಲಿಸಿದವರು ಅವರು. ನನ್ನ ಬಿ.ಎ. ಫಲಿತಾಂಶ ಬರುವ ಮೊದಲೇ ಹೋಗಿಬಿಟ್ಟರು. ಅವರಿಗೆ ಹೇಳದೆ ನನಗೆ ಪಾಸಾದಂತೆಯೇ ಅನ್ನಿಸಲಿಲ್ಲ.

ಈ ನವೆಂಬರ್‌ನಲ್ಲಿ ಒಬ್ಬಳೇ ಹೋದೆ. ಅವರ ಹೊಸ ಕಲ್ಲಿನ ಮುಂದೆ ನಿಂತು, “ಟೀಚರ್, ನಾನು ಪಾಸಾದೆ” ಅಂದೆ. ಎಲೆಯೂ ಅಲುಗಲಿಲ್ಲ. ಅವರಿಗೆ ಇಷ್ಟವಾಗಲೆಂದು, ಹಿಂದಿನ ಹಳೇ ಕಲ್ಲುಗಳ ಸಾಲಿಗೆ ತಿರುಗಿ ಅವರ ಹಾಗೆಯೇ ರಾಗವೆಳೆದೆ: “ಪರೀಕ್ಷೆಯಲ್ಲಿ ತೇರ್ಗಡೆಯಾಗಿರುತ್ತೇನೆಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.”

ಬೆನ್ನ ಹಿಂದೆ, ಹೊಸ ಕಲ್ಲಿನ ಕಡೆಯಿಂದ, ದನಿ ಬಂತು.

“ಅವ್ರಿಗೂ ಕೇಳಿಸ್ತಂತೆ ಕಣಮ್ಮ.”